ಮಾರ್ಫಿನ್ ಕೊಡಬೇಕು, ಲೆಕ್ಕ ಇಟ್ಟು ಕೊಡಬೇಕು: ಕ್ಯಾನ್ಸರ್ ನೋವಿನ ಚಿಕಿತ್ಸೆಯಲ್ಲಿ ದುರ್ಬಳಕೆ ತಡೆಯುವ ಬಗೆ

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆಯುವಾಗ ವೈದ್ಯರ ಕೈ ಹಿಂಜರಿಯುವುದಕ್ಕೆ ಮುಖ್ಯ ಕಾರಣ ಚಟದ ಭಯ. ಈ ಭಯಕ್ಕೆ ನಮ್ಮ ದೇಶ ದೊಡ್ಡ ಬೆಲೆ ತೆತ್ತಿದೆ. 1985ರ ಎನ್‌ಡಿಪಿಎಸ್ ಕಾಯ್ದೆ ಮಾದಕ ವಸ್ತುಗಳ ಸಾಗಣೆ ತಡೆಯಲು ಬಂದದ್ದು. ಆದರೆ ಹತ್ತು ವರ್ಷ ಜೈಲಿನ ಭಯಕ್ಕೆ ಆಸ್ಪತ್ರೆಗಳು, ಔಷಧ ಅಂಗಡಿಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶ ಒಂದು ವರ್ಷದಲ್ಲಿ ಚಿಕಿತ್ಸೆಗೆ ಬಳಸಿದ ಮಾರ್ಫಿನ್ 18 ಕಿಲೋಗೆ ಇಳಿದಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ದೇಶದಲ್ಲಿ ನಮ್ಮದೇ ರೋಗಿಗಳಿಗೆ ಔಷಧ ಸಿಗದ ಸ್ಥಿತಿ ಅದು.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಈ ಆರನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಲಾಯಿತು. ನಾಲ್ಕೈದು ಬಗೆಯ ಲೈಸೆನ್ಸುಗಳ ಬದಲು, ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಇವನ್ನು ತರಿಸಿ ಕೊಡಬಹುದು ಎಂದಾಯಿತು. ಇಂಥ ಸಂಸ್ಥೆಯಲ್ಲಿ ತರಬೇತಾದ ವೈದ್ಯರಿರಬೇಕು, ವರ್ಷದ ಬೇಡಿಕೆಯ ಅಂದಾಜು ಕೊಡಬೇಕು, ಬಂದದ್ದು, ಹೋದದ್ದು, ಉಳಿದದ್ದು ಎಲ್ಲಕ್ಕೂ ದಿನದ ಲೆಕ್ಕ ಇಡಬೇಕು. ಬೆಂಗಳೂರಿನ ಕಿದ್ವಾಯಿ, ಕರುಣಾಶ್ರಯ, ಮಣಿಪಾಲದ ಉಪಶಾಮಕ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ವಿಭಾಗಗಳಂಥ ಕಡೆ ಈ ಕೆಲಸ ನಡೆಯುತ್ತಿದೆ. ಆದರೂ ಜಿಲ್ಲೆ, ತಾಲೂಕುಗಳ ಮಟ್ಟದಲ್ಲಿ ಮಾರ್ಫಿನ್ ಸಿಗುವುದು ಇವತ್ತಿಗೂ ಕಷ್ಟವೇ.

ಹಾಗಾಗಿ ಇಲ್ಲಿ ದುರ್ಬಳಕೆಯ ಮಾತೆತ್ತಿದರೆ ಉಪಶಾಮಕ ಆರೈಕೆಯವರಿಗೆ ಸಂಕಟವಾಗುತ್ತದೆ; ಇದ್ದಬದ್ದ ಔಷಧಕ್ಕೂ ಕಲ್ಲು ಬಿದ್ದೀತೆಂಬ ಆತಂಕ. ಆ ಆತಂಕಕ್ಕೆ ಆಧಾರವೂ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಓಪಿಯಾಯ್ಡ್ (ಮಾರ್ಫಿನ್ ಗುಂಪಿನ ಔಷಧ) ಬರೆಯುವ ಬಗ್ಗೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅನ್ವಯಿಸುವುದಿಲ್ಲ ಎಂದೇ ಬರೆದಿತ್ತು. ಆದರೂ ವಿಮಾ ಕಂಪನಿಗಳು, ಔಷಧ ಅಂಗಡಿಗಳು ಕ್ಯಾನ್ಸರ್ ರೋಗಿಗಳ ಔಷಧಕ್ಕೂ ಕತ್ತರಿ ಹಾಕಿದವು. 2019ರಲ್ಲಿ ಸಿಡಿಸಿ ಸ್ಪಷ್ಟನೆ ಕೊಡಬೇಕಾಯಿತು, 2022ರ ಹೊಸ ಆವೃತ್ತಿಯಲ್ಲಿ ಅದನ್ನೇ ಇನ್ನಷ್ಟು ಬಿಡಿಸಿ ಹೇಳಬೇಕಾಯಿತು. ಕ್ಯಾನ್ಸರ್ ರೋಗಿಗಳಲ್ಲಿ ಓಪಿಯಾಯ್ಡ್‌ನಿಂದಾಗುವ ಸಾವು ಅಲ್ಲಿನ ಸಾಮಾನ್ಯ ಜನರಲ್ಲಿ ಆಗುವುದಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ‘ನಿಜವಾದ ನೋವಿದ್ದವರಿಗೆ ಚಟ ಹತ್ತುವುದಿಲ್ಲ’ ಎಂಬ ಹಳೆಯ ನಂಬಿಕೆ ಸಾವಿನ ಅಂಚಿನಲ್ಲಿ ಕೆಲವು ವಾರ ಮಾತ್ರ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳನ್ನು ಕಂಡು ಹುಟ್ಟಿದ್ದು. ಈಗ ಕ್ಯಾನ್ಸರ್ ರೋಗಿಗಳು ವರ್ಷಗಟ್ಟಲೆ ಬದುಕುತ್ತಾರೆ, ಎಷ್ಟೋ ಜನ ಗುಣವೇ ಆಗುತ್ತಾರೆ. ಜೊತೆಗೆ ಔಷಧ ರೋಗಿಯ ಹೊಟ್ಟೆಗೆ ಮಾತ್ರ ಹೋಗುವುದಿಲ್ಲ, ಮನೆಯ ಕಪಾಟಿಗೂ ಹೋಗುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು, ಹೆರಾಯಿನ್ ಅಥವಾ ಈ ಗುಂಪಿನ ಮಾತ್ರೆ-ಇಂಜೆಕ್ಷನ್ ಬಳಸುತ್ತಾರೆ. ಔಷಧ ರೂಪದವುಗಳ ಪಾಲು ಜನಸಂಖ್ಯೆಯ ಶೇ 1ರ ಹತ್ತಿರ.

ಇಲ್ಲಿ ಒಂದು ವಿಷಯ ಸ್ಪಷ್ಟವಿರಲಿ. ಕರ್ನಾಟಕದಲ್ಲಿ ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿರುವುದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ. ಅದನ್ನು ಪುಡಿ ಮಾಡಿ, ನೀರಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಹುಡುಗರಿದ್ದಾರೆ. ಅದೇ ಗುಂಪಿನ ಇನ್ನೊಂದು ಮಾತ್ರೆ ಟ್ರಾಮಡಾಲ್ 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂತು. ಮಾನ್ಯತೆ ಇಲ್ಲದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗದಿದ್ದಾಗ ಕ್ಯಾನ್ಸರ್ ರೋಗಿಗಳಿಗೂ ಬರೆಯುವುದು ಈ ಎರಡನ್ನೇ, ಅದೂ ತಿಂಗಳುಗಟ್ಟಲೆ, ಲೆಕ್ಕವಿಲ್ಲದೆ. ಲೆಕ್ಕ ಬಿಗಿಯಾಗಿರುವ ಮಾರ್ಫಿನ್‌ಗೆ ಹೆದರಿ ಲೆಕ್ಕ ಸಡಿಲವಿರುವ ಮಾತ್ರೆಯ ಮೊರೆ ಹೋಗುವುದು ಸುರಕ್ಷತೆಯಲ್ಲ. ಟ್ರಾಮಡಾಲ್‌ಗೆ ದಿನಕ್ಕೆ 400 ಮಿಲಿಗ್ರಾಂ ಎಂಬ ಮಿತಿ ಇದೆ. ಅದನ್ನು ದಾಟಿದರೆ ಫಿಟ್ಸ್ ಬರುವ ಸಂಭವ ಏರುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಸೇರಿದರೆ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಅಪಾಯದ ಮಟ್ಟಕ್ಕೆ ಏರಬಹುದು. ನೋವು ಈ ಮಿತಿಯಲ್ಲಿ ತಗ್ಗದಿದ್ದರೆ ಮಾರ್ಫಿನ್‌ಗೆ ಬದಲಾಯಿಸಬೇಕೇ ಹೊರತು ಮತ್ತೊಂದು ಟ್ರಾಮಡಾಲ್ ಸೇರಿಸಬಾರದು.

ಮೊದಲ ಭೇಟಿಯಲ್ಲೇ ಕೇಳಬೇಕಾದ್ದು

ಅಪಾಯ ಅಳೆಯುವ ಕೆಲಸ ಮೊದಲ ಚೀಟಿ ಬರೆಯುವ ಮುಂಚೆ ನಡೆಯಬೇಕು. ಸುಲಭದ ಸಾಧನವೆಂದರೆ ಓಪಿಯಾಯ್ಡ್ ರಿಸ್ಕ್ ಟೂಲ್‌ನ ಪರಿಷ್ಕೃತ ರೂಪ. ಒಂಬತ್ತು ಹೌದು-ಇಲ್ಲ ಪ್ರಶ್ನೆಗಳು. ಮನೆಯವರಲ್ಲಿ ಮದ್ಯ, ಕಾನೂನುಬಾಹಿರ ಮಾದಕ, ವೈದ್ಯರ ಚೀಟಿಗೆ ಸಿಗುವ ಔಷಧಗಳ ದುರ್ಬಳಕೆ ಇತ್ತೇ? ರೋಗಿಗೇ ಈ ಮೂರರಲ್ಲಿ ಯಾವುದಾದರೂ ಇತ್ತೇ? ವಯಸ್ಸು 16ರಿಂದ 45ರ ನಡುವೆಯೇ? ಖಿನ್ನತೆ ಇದೆಯೇ? ಬೈಪೋಲಾರ್, ಸ್ಕಿಜೊಫ್ರೇನಿಯಾದಂಥ ಬೇರೆ ಮಾನಸಿಕ ಕಾಯಿಲೆ ಇದೆಯೇ? ಪ್ರತಿ ‘ಹೌದು’ಗೆ ಒಂದು ಅಂಕ, ಮೂರು ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚೆಂದು ಅರ್ಥ. ಇದು ಕ್ಯಾನ್ಸರ್ ಅಲ್ಲದ ದೀರ್ಘಕಾಲದ ನೋವಿನವರಿಗಾಗಿ ರೂಪುಗೊಂಡ ಸಾಧನ ಎಂಬುದು ನೆನಪಿರಬೇಕು. ಅಂಕ ಹೆಚ್ಚು ಬಂತೆಂದು ಮಾರ್ಫಿನ್ ನಿರಾಕರಿಸುವಂತಿಲ್ಲ. ಎಷ್ಟು ದಿನದ ಔಷಧ ಕೊಡಬೇಕು, ಯಾರ ಕೈಗೆ ಕೊಡಬೇಕು, ಎಷ್ಟು ಬೇಗ ಮತ್ತೆ ಬರಹೇಳಬೇಕು ಎಂಬುದನ್ನು ಮಾತ್ರ ಆ ಅಂಕ ನಿರ್ಧರಿಸಬೇಕು.

ನಮ್ಮಲ್ಲಿ ಈ ವಿಚಾರಣೆಗೆ ವಿಶೇಷ ತೂಕವಿದೆ. ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮಲ್ಲಿ ಬಹಳ. ಹೊಗೆಸೊಪ್ಪು, ಗುಟ್ಕಾ, ಬೀಡಿ, ಕುಡಿತ ಇವೇ ಅದಕ್ಕೆ ದೊಡ್ಡ ಕಾರಣ. ಅಂದರೆ ಚಟದ ಇತಿಹಾಸ ಮತ್ತು ತೀವ್ರ ನೋವು ಒಬ್ಬರಲ್ಲೇ ಕೂಡಿಬರುವುದು ಇಲ್ಲಿ ದಿನನಿತ್ಯದ ಸಂಗತಿ. ಆದರೆ ಕೇಳುವ ಧಾಟಿ ತನಿಖೆಯಂತಾದರೆ ಉತ್ತರ ಬರುವುದಿಲ್ಲ. ಹೆಂಡತಿ, ಮಕ್ಕಳ ಎದುರಿಗೆ ಕೇಳಿದರೂ ಬರುವುದಿಲ್ಲ. ಅವರನ್ನು ಒಂದು ಗಳಿಗೆ ಹೊರಗೆ ಕೂರಿಸಿ, “ಯಜಮಾನ್ರೇ, ಇದು ಎಲ್ಲರಿಗೂ ಕೇಳೋ ಪ್ರಶ್ನೆ, ತಪ್ಪು ತಿಳ್ಕೋಬೇಡಿ. ವಾರದಲ್ಲಿ ಎಷ್ಟು ದಿನ ತಗೋತಿದ್ರಿ? ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸ್ತಿತ್ತಾ?” ಎಂದರೆ ಹೇಳುತ್ತಾರೆ. ಈಗಲೂ ಕುಡಿಯುತ್ತಿದ್ದರೆ ಅದು ಚಟದ ಪ್ರಶ್ನೆಯಷ್ಟೇ ಅಲ್ಲ, ಮಾರ್ಫಿನ್ ಜೊತೆ ಸೇರಿ ಉಸಿರಾಟ ನಿಲ್ಲಿಸುವ ಪ್ರಶ್ನೆ. ನಿದ್ರೆಗೆಂದು ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ತೆಗೆದುಕೊಳ್ಳುತ್ತಿದ್ದಾರೆಯೇ, ನರದ ನೋವಿಗೆ ಕೊಡುವ ಗಬಪೆಂಟಿನ್ ಇದೆಯೇ, ಜೋರು ಗೊರಕೆ ಇದೆಯೇ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು. ಮೂತ್ರಪಿಂಡ ಸೋತಿದ್ದರೆ ಮಾರ್ಫಿನ್‌ನ ಸಕ್ರಿಯ ಅಂಶ ದೇಹದಲ್ಲೇ ಉಳಿದು ಮಂಪರು, ಕೈಕಾಲು ಅದುರುವಿಕೆ ಶುರುವಾಗುತ್ತದೆ. ಅಂಥವರಿಗೆ ಫೆಂಟನಿಲ್ ಅಥವಾ ಬ್ಯುಪ್ರೆನಾರ್ಫಿನ್ ವಾಸಿ.

ಮಾತ್ರೆಯ ಲೆಕ್ಕ

ಹಿಂದೆ ಇಂಥ ಔಷಧ ತೆಗೆದುಕೊಳ್ಳದ ವಯಸ್ಕರಿಗೆ ಬೇಗ ಕರಗುವ ಮಾರ್ಫಿನ್ 5 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ. ಬಳಲಿದ ವೃದ್ಧರಿಗೆ 2.5. ಜೊತೆಗೇ ರಾತ್ರಿ ಬಿಸಾಕೊಡಿಲ್ 10 ಮಿಲಿಗ್ರಾಂ. ಮಲಬದ್ಧತೆಗೆ ದೇಹ ಎಂದೂ ಒಗ್ಗಿಕೊಳ್ಳುವುದಿಲ್ಲ, ಇಸಬ್‌ಗೋಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರು ಕಡಿಮೆ ಕುಡಿಯುವವರಲ್ಲಿ ಕರುಳು ಕಟ್ಟಿಸಲೂಬಹುದು. ಇದಕ್ಕೂ ದುರ್ಬಳಕೆಗೂ ಸಂಬಂಧವಿದೆ. ಹೊಟ್ಟೆ ಕಟ್ಟಿ ಒದ್ದಾಡಿದವರು ಮಾರ್ಫಿನ್ ಬಿಟ್ಟುಬಿಡುತ್ತಾರೆ, ಮಾತ್ರೆಗಳು ಮನೆಯಲ್ಲೇ ಉಳಿಯುತ್ತವೆ.

ಕೆಲ ದಿನಗಳಲ್ಲಿ ಪ್ರಮಾಣ 10 ಮಿಲಿಗ್ರಾಂಗೆ ಏರಿತೆಂದುಕೊಳ್ಳಿ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು ಮಾತ್ರೆ. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ರಾತ್ರಿ 10ಕ್ಕೆ ಎರಡು. ದಿನಕ್ಕೆ ಆರು ಮಾತ್ರೆ, 60 ಮಿಲಿಗ್ರಾಂ. ನಡುವೆ ನೋವು ಉಕ್ಕಿದರೆ ದಿನದ ಪ್ರಮಾಣದ ಆರನೇ ಒಂದು ಭಾಗ, ಅಂದರೆ ಒಂದು ಮಾತ್ರೆ ಹೆಚ್ಚುವರಿ. ಇಂಥವು ದಿನಕ್ಕೆ ಎರಡು ಸಾಕೆಂದು ಹಿಡಿದರೆ 14 ದಿನಕ್ಕೆ 84 ಮತ್ತು 28, ಒಟ್ಟು 112. ಚೀಟಿಯಲ್ಲಿ ಈ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಮನೆಯವರ ಕೈಗೆ ಒಂದು ಪುಸ್ತಕ ಕೊಟ್ಟು, ಹೆಚ್ಚುವರಿ ಮಾತ್ರೆ ತೆಗೆದುಕೊಂಡಾಗಲೆಲ್ಲ ಗಂಟೆ ಮತ್ತು ಕಾರಣ ಬರೆಯಲು ಹೇಳಬೇಕು. ಉಳಿದ ಮಾತ್ರೆ ಮತ್ತು ಖಾಲಿ ಸ್ಟ್ರಿಪ್ ಎರಡನ್ನೂ ಮುಂದಿನ ಭೇಟಿಗೆ ತರಿಸಬೇಕು.

ಹತ್ತು ದಿನ ಮುಗಿಯುತ್ತಲೇ ಮಗ ಬಂದು ಮಾತ್ರೆ ಖಾಲಿ ಎನ್ನುತ್ತಾನೆ. ಲೆಕ್ಕದ ಪ್ರಕಾರ ಇನ್ನೂ 32ರಿಂದ 52 ಉಳಿದಿರಬೇಕು. ಇಲ್ಲಿ ಹಲವು ತಂಡಗಳು ಎಡವುತ್ತವೆ. ಒಂದೋ ‘ಚಟ ಹತ್ತಿದೆ’ ಎಂದು ತೀರ್ಮಾನಿಸುತ್ತವೆ, ಇಲ್ಲವೇ ಪಾಪ ಎನ್ನಿಸಿ ಮತ್ತೆ 112 ಕೊಟ್ಟು ಕಳಿಸುತ್ತವೆ. ಎರಡೂ ಸರಿಯಲ್ಲ, ಏಕೆಂದರೆ ಖಾಲಿಯಾಗುವುದಕ್ಕೆ ಕಾರಣಗಳು ಹತ್ತಾರು. ಮೊದಲು ಪರೀಕ್ಷಿಸಬೇಕಾದ್ದು ರೋಗವನ್ನೇ: ಬೆನ್ನುಹುರಿಯ ಮೇಲೆ ಗೆಡ್ಡೆ ಒತ್ತುತ್ತಿದೆಯೇ, ಮೂಳೆ ಮುರಿದಿದೆಯೇ, ಸೋಂಕಾಗಿದೆಯೇ. ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗಿದ್ದರೆ ಅದು ತುರ್ತು. ತಡಮಾಡಿದರೆ ರೋಗಿ ಮತ್ತೆ ನಡೆಯಲಾರರು. ಆಮೇಲೆ, ಹೇಳಿದ್ದು ಅರ್ಥವಾಗಿತ್ತೇ? ‘ನೋವು ಬಂದಾಗ ಒಂದು’ ಎಂದದ್ದನ್ನು ಗಂಟೆಗೊಂದು ಎಂದು ತಿಳಿದವರಿರಬಹುದು. ವಾಂತಿಯಾಗಿ ಮತ್ತೆ ನುಂಗಿದ್ದರೇ? ನೋವು ತಗ್ಗಿದ್ದರೂ ನಿದ್ರೆ ಬಾರದೆ, ಭಯ ತಾಳದೆ ಮಾತ್ರೆ ನುಂಗುತ್ತಿದ್ದಾರೆಯೇ? ಮನಸ್ಸಿನ ಸಂಕಟಕ್ಕೆ ಮಾರ್ಫಿನ್ ಬಳಸುವ ಈ ರೂಢಿ ವ್ಯಸನಕ್ಕೆ ಮೊದಲ ಮೆಟ್ಟಿಲು, ಅದನ್ನು ಹಿಡಿಯುವುದು ಹೆಚ್ಚುವರಿ ಮಾತ್ರೆಯ ಪುಸ್ತಕ. ಕಾರಣದ ಕಾಲಮಿನಲ್ಲಿ ರಾತ್ರಿ ಹನ್ನೊಂದು, ಒಂದು, ಮೂರು ಗಂಟೆಗೆ ‘ನಿದ್ದೆ ಇಲ್ಲ’ ಎಂದೇ ಬರೆದಿದ್ದರೆ ಆ ರೋಗಿಗೆ ಬೇಕಾದ್ದು ಹೆಚ್ಚು ಮಾರ್ಫಿನ್ ಅಲ್ಲ, ಆಪ್ತಸಮಾಲೋಚನೆ ಮತ್ತು ಖಿನ್ನತೆಗೆ ಚಿಕಿತ್ಸೆ. ಕೊನೆಗೆ, ಮನೆಯಲ್ಲಿ ಬೇರೆಯವರು ತೆಗೆದುಕೊಳ್ಳುತ್ತಿದ್ದಾರೆಯೇ, ಮಾರುತ್ತಿದ್ದಾರೆಯೇ ಎಂದು ಕೇಳಬೇಕು. ರೋಗಿ ನೋವಿನಲ್ಲಿ ಕಿರುಚುತ್ತಿದ್ದು ಮಾತ್ರೆ ಮಾತ್ರ ವೇಗವಾಗಿ ಖಾಲಿಯಾಗುತ್ತಿದ್ದರೆ ಆ ಅನುಮಾನ ಬಲವಾಗುತ್ತದೆ.

ದುರ್ಬಳಕೆ ಎಂದು ಖಚಿತವಾದರೂ ಔಷಧ ಪೂರ್ತಿ ನಿಲ್ಲಿಸಬಾರದು. ಕೊಡುವ ಬಗೆ ಬದಲಾಗಬೇಕು: ಎರಡು ವಾರದ ಬದಲು ಮೂರು ದಿನಕ್ಕೆ, ಒಬ್ಬರೇ ವೈದ್ಯರ ಚೀಟಿಗೆ, ಒಂದೇ ಕೇಂದ್ರದಿಂದ, ಕುಡಿಯದ ಒಬ್ಬ ಹೊಣೆಗಾರರ ಕೈಗೆ. ಕುಟುಂಬದಲ್ಲಿ ಅಂಥವರಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಮನೆಭೇಟಿಯ ನರ್ಸನ್ನೋ ಒಪ್ಪಿಸಬೇಕು. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಇಂಥ ರೋಗಿಗಳಿಗೆಂದೇ ವೈದ್ಯರು, ನರ್ಸ್, ಆಪ್ತಸಮಾಲೋಚಕರು, ಫಾರ್ಮಸಿಸ್ಟ್ ಒಟ್ಟಿಗೆ ಕೂರುವ ತಂಡ ಕಟ್ಟಿದ್ದಾರೆ. ನಮ್ಮಲ್ಲಿ ಅಷ್ಟು ಜನ ಇರಲಿಕ್ಕಿಲ್ಲ, ಆದರೆ ವೈದ್ಯರೊಬ್ಬರೇ ಈ ಮಾತುಕತೆಗೆ ಕೂರಬಾರದೆಂಬ ನಿಯಮವನ್ನು ಎಲ್ಲಿ ಬೇಕಾದರೂ ಪಾಲಿಸಬಹುದು.

ಮೂತ್ರ ಪರೀಕ್ಷೆ ಮತ್ತು ಗಸಗಸೆ

ಅನುಮಾನ ಬಂದಾಗ ಮೂತ್ರ ಪರೀಕ್ಷೆಗೆ ಕಳಿಸುವ ರೂಢಿ ಇಲ್ಲಿಗೂ ಬರುತ್ತಿದೆ. ಅದರ ಫಲಿತಾಂಶ ಓದಲು ತಿಳಿದಿರಬೇಕು. ಸಾಮಾನ್ಯ ಪಟ್ಟಿ (ಸ್ಟ್ರಿಪ್) ಪರೀಕ್ಷೆ ಪತ್ತೆಹಚ್ಚುವುದು ಮಾರ್ಫಿನ್ ಮತ್ತು ಕೊಡೀನನ್ನು. ಫೆಂಟನಿಲ್, ಟ್ರಾಮಡಾಲ್, ಟ್ಯಾಪೆಂಟಡಾಲ್ ಅದಕ್ಕೆ ಸಿಗುವುದಿಲ್ಲ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಹಚ್ಚಿಕೊಂಡ ರೋಗಿಯ ಫಲಿತಾಂಶ ‘ಇಲ್ಲ’ ಎಂದು ಬಂದರೆ ಅವರು ಪ್ಯಾಚ್ ಮಾರಿದ್ದಾರೆಂದು ಅರ್ಥವಲ್ಲ. ತಿರುಗಾಮುರುಗಾ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರ ಮೂತ್ರದಲ್ಲಿ ಮಾರ್ಫಿನ್ ಕಾಣುತ್ತದೆ, ಕೊಡೀನ್ ದೇಹದಲ್ಲಿ ಮಾರ್ಫಿನ್ ಆಗಿಯೇ ಮಾರ್ಪಡುತ್ತದೆ. ನಮ್ಮ ಕಡೆ ಇನ್ನೊಂದು ಕಾರಣವನ್ನು ಕೇಳಲೇಬೇಕು: ಗಸಗಸೆ ಪಾಯಸ. ಗಸಗಸೆಯ ಮೇಲೆ ಅಂಟಿರುವ ಅಫೀಮಿನ ಅಂಶದಿಂದ ಹಬ್ಬದೂಟ ಮಾಡಿದವರ ಮೂತ್ರದಲ್ಲೂ ಪರೀಕ್ಷೆ ‘ಇದೆ’ ಎನ್ನಬಹುದು. ಹಾಗಾಗಿ ಪಟ್ಟಿ ಪರೀಕ್ಷೆಯೊಂದನ್ನೇ ನಂಬಿ ಯಾರ ಔಷಧವನ್ನೂ ನಿಲ್ಲಿಸಬಾರದು. ದೃಢಪಡಿಸುವ ಪ್ರಯೋಗಾಲಯ ಪರೀಕ್ಷೆ ಆಗಬೇಕು, ಅದಕ್ಕೂ ಮುಂಚೆ ರೋಗಿಯನ್ನು ಕೇಳಬೇಕು.

ಮನೆಯಲ್ಲಿ ಆಗುವ ಅನಾಹುತಗಳು

ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಹಲವರಿಗೆ ಮೂಗಿನ ರೈಲ್ಸ್ ಟ್ಯೂಬ್ ಮೂಲಕವೇ ಊಟ, ಔಷಧ. ಮನೆಯವರು ಎಲ್ಲ ಮಾತ್ರೆಗಳನ್ನೂ ಕುಟ್ಟಿ, ನೀರಿನಲ್ಲಿ ಕಲಸಿ ಹಾಕುತ್ತಾರೆ. 12 ಗಂಟೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಮಾರ್ಫಿನ್ ಮಾತ್ರೆಯನ್ನು ಕುಟ್ಟಿದರೆ ಅರ್ಧ ದಿನದ ಔಷಧ ಒಂದೇ ಬಾರಿಗೆ ರಕ್ತಕ್ಕೆ ನುಗ್ಗುತ್ತದೆ. ಟ್ಯೂಬ್ ಇರುವವರಿಗೆ ಬೇಗ ಕರಗುವ ಮಾತ್ರೆಯನ್ನೇ ಬರೆಯಬೇಕು. ಸ್ಟ್ರಿಪ್ ಮೇಲೆ ಎಸ್‌ಆರ್ (ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ) ಎಂದಿದ್ದರೆ ಕುಟ್ಟಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು.

ಫೆಂಟನಿಲ್ ಪ್ಯಾಚ್ ಇನ್ನೂ ಸೂಕ್ಷ್ಮ. ಗಂಟೆಗೆ 25 ಮೈಕ್ರೋಗ್ರಾಂನ ಪ್ಯಾಚ್ ಕನಿಷ್ಠವೆಂದರೂ ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. ಆದ್ದರಿಂದ ಹಿಂದೆ ಓಪಿಯಾಯ್ಡ್ ತೆಗೆದುಕೊಳ್ಳದವರಿಗೆ ಅದನ್ನು ಹಚ್ಚಲೇಬಾರದು. ಹಚ್ಚಿದ ಮೇಲೆ ಪೂರ್ತಿ ಕೆಲಸ ಶುರುವಾಗಲು 12ರಿಂದ 24 ಗಂಟೆ ಬೇಕು. ‘ಇದು ಹಿಡೀತಿಲ್ಲ’ ಎಂದು ಮೊದಲ ರಾತ್ರಿಯೇ ಎರಡನೆಯದನ್ನು ಹಚ್ಚಿದರೆ ಮರುದಿನ ಅಪಾಯ ಎದುರಾಗುತ್ತದೆ. ಜ್ವರ, ಬಿಸಿನೀರಿನ ಚೀಲ, ಬಿಸಿಲು ಇವು ಚರ್ಮದ ಮೂಲಕ ಔಷಧ ಒಳಹೋಗುವ ವೇಗ ಹೆಚ್ಚಿಸುತ್ತವೆ. ಮೂರು ದಿನ ಬಳಸಿ ತೆಗೆದ ಪ್ಯಾಚಿನಲ್ಲಿ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಎಣಿಸಿ ಕೇಂದ್ರಕ್ಕೆ ಹಿಂದಿರುಗಿಸಬೇಕು. ಹೊಸದು ಕೊಡುವ ಮುಂಚೆ ಹಳೆಯ ಪ್ಯಾಚುಗಳ ಎಣಿಕೆ ತಾಳೆಯಾಗಬೇಕು.

ಔಷಧ ಹೆಚ್ಚಾದ ಲಕ್ಷಣಗಳು ಮನೆಯವರಿಗೆ ಬಾಯಿಪಾಠ ಆಗಿರಬೇಕು: ಕರೆದರೂ ಏಳದ ಮಂಪರು, ಸೂಜಿಮೊನೆಯಷ್ಟು ಚಿಕ್ಕದಾದ ಪಾಪೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು. ಹೀಗಾದರೆ ಪ್ಯಾಚ್ ಇದ್ದಲ್ಲಿ ಕಿತ್ತು 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಪರಿಣಾಮ ಅಳಿಸುವ ನಲಾಕ್ಸೋನ್ ಕೊಡುವಾಗ ಇಡೀ 0.4 ಮಿಲಿಗ್ರಾಂ ಒಮ್ಮೆಗೇ ಚುಚ್ಚಿದರೆ ತಡೆಯಲಾರದ ನೋವು ಮತ್ತು ವಿತ್‌ಡ್ರಾವಲ್ (ಔಷಧ ತಟ್ಟನೆ ತಪ್ಪಿದಾಗಿನ ಒದ್ದಾಟ) ಒಟ್ಟಿಗೆ ಕೆರಳುತ್ತವೆ. ಉಸಿರು ಪೂರ್ತಿ ನಿಂತಿರದಿದ್ದರೆ, 1 ಮಿಲಿಲೀಟರ್ ಆಂಪೂಲನ್ನು ಸಲೈನ್ ಸೇರಿಸಿ 10 ಮಿಲಿಲೀಟರ್ ಮಾಡಿ, ಎರಡು ನಿಮಿಷಕ್ಕೊಮ್ಮೆ 1 ಮಿಲಿಲೀಟರ್‌ನಂತೆ ಉಸಿರಾಟ ಸುಧಾರಿಸುವವರೆಗೆ ಕೊಡಬೇಕು, ಪೂರ್ತಿ ಎಚ್ಚರವಾಗಲಿ ಎಂದು ಕಾಯಬಾರದು. ನಲಾಕ್ಸೋನ್ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿದುಹೋಗುತ್ತದೆ. ಎಸ್‌ಆರ್ ಮಾತ್ರೆ, ಪ್ಯಾಚ್ ಅದಕ್ಕಿಂತ ಬಹಳ ಹೊತ್ತು ಕೆಲಸ ಮಾಡುತ್ತವೆ. ಎದ್ದು ಕೂತರೆಂದು ಮನೆಗೆ ಕಳಿಸುವಂತಿಲ್ಲ.

ಉಳಿದ ಔಷಧದ ವಿಚಾರದಲ್ಲಿ ನಮ್ಮ ವ್ಯವಸ್ಥೆ ತೀರಾ ದುರ್ಬಲ. ರೋಗಿ ತೀರಿಕೊಂಡ ಮೇಲೆ ಮಾತ್ರೆಗಳ ಬಗ್ಗೆ ಕೇಳುವುದು ಸಂಕೋಚದ ಕೆಲಸ. ಯಾರೂ ಕೇಳದೆ ಅವು ಗಾಡ್ರೇಜ್ ಬೀರುವಿನಲ್ಲೇ ಉಳಿಯುತ್ತವೆ. ಔಷಧ ಕೊಡುವ ದಿನವೇ ‘ಉಳಿದರೆ ಇಲ್ಲಿಗೇ ತಂದುಕೊಡಿ, ಇನ್ನೊಬ್ಬರಿಗೆ ಕೊಡಬೇಡಿ’ ಎಂದು ಹೇಳಿ ಸಹಿ ಪಡೆದರೆ, ಆಮೇಲೆ ಸಾಂತ್ವನದ ಭೇಟಿಗೆ ಹೋದವರು ಕೇಳುವುದು ಸುಲಭ. ಕೇಂದ್ರ ತೀರಾ ದೂರವಿದ್ದರೆ ಶೌಚಾಲಯದಲ್ಲಿ ಹಾಕಿ ನೀರು ಬಿಡಬೇಕಾದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟಿದೆ. ಮಾರ್ಫಿನ್, ಫೆಂಟನಿಲ್, ಟ್ರಾಮಡಾಲ್, ಟ್ಯಾಪೆಂಟಡಾಲ್ ಅದರಲ್ಲಿವೆ.

ಗುಣವಾದವರಿಗೆ ನಿಲ್ಲಿಸುವುದು

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಗುಂಪು ಇದು. ಬಾಯಿ-ಗಂಟಲಿಗೆ ಆರೇಳು ವಾರ ರೇಡಿಯೇಷನ್ ಪಡೆದವರಿಗೆ ಬಾಯಿಹುಣ್ಣಿನ ನೋವು ಕೊನೆಯ ವಾರಗಳಲ್ಲಿ ತುತ್ತತುದಿಗೇರಿ, ಚಿಕಿತ್ಸೆ ಮುಗಿದ ಮೇಲೂ ಕೆಲ ವಾರ ಇರುತ್ತದೆ. ಆಗ ಮಾರ್ಫಿನ್ ಬೇಕೇ ಬೇಕು. ಹುಣ್ಣು ಮಾಯ್ದ ಮೇಲೂ ಹಳೆಯ ಚೀಟಿ ನವೀಕರಣವಾಗುತ್ತ ಹೋದರೆ ಅಲ್ಲಿಂದ ತೊಂದರೆ ಆರಂಭ. ಆರಂಭಿಸಿದ ದಿನವೇ ಚೀಟಿಯಲ್ಲಿ ‘ನಿಲ್ಲಿಸುವ ಅಂದಾಜು ವಾರ’ ಎಂಬ ಸಾಲಿರಬೇಕು. ಕೆಲ ವಾರಗಳಿಂದ ತೆಗೆದುಕೊಳ್ಳುತ್ತಿದ್ದವರಿಗೆ ವಾರಕ್ಕೆ ಶೇ 10ರಿಂದ 25ರಂತೆ ಇಳಿಸಬೇಕು. ಮೂಗು ಸೋರುವುದು, ಪದೇ ಪದೇ ಆಕಳಿಕೆ, ಭೇದಿ, ಮೈ ಜುಮ್ಮೆನ್ನುವುದು, ನಿದ್ರೆಗೇಡು ಕಂಡರೆ ಇಳಿಸಿದ ವೇಗ ಹೆಚ್ಚಾಯಿತೆಂದು ತಿಳಿದು ಕೆಲ ದಿನ ಅದೇ ಪ್ರಮಾಣದಲ್ಲಿ ಮುಂದುವರಿಸಬೇಕು. ಈ ಲಕ್ಷಣಗಳು ದೇಹ ಔಷಧಕ್ಕೆ ಒಗ್ಗಿರುವುದನ್ನು ಹೇಳುತ್ತವೆಯೇ ಹೊರತು ವ್ಯಸನವನ್ನಲ್ಲ. ಮಾನಸಿಕ ಕಾಯಿಲೆಗಳ ರೋಗನಿರ್ಣಯದ ಡಿಎಸ್‌ಎಂ-5 ಮಾನದಂಡದಲ್ಲೂ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುತ್ತಿರುವವರಲ್ಲಿ ಈ ಲಕ್ಷಣಗಳನ್ನು, ಪ್ರಮಾಣ ಏರಿಸಬೇಕಾಗುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವ್ಯಸನದಲ್ಲಿ ಔಷಧದ ಮೇಲೆ ಹತೋಟಿ ತಪ್ಪಿರುತ್ತದೆ, ಹಾನಿ ಕಂಡರೂ ಬಿಡಲಾಗುವುದಿಲ್ಲ, ಕೆಲಸ-ಸಂಸಾರ ಹಿಂದಕ್ಕೆ ಸರಿದಿರುತ್ತವೆ.

ಮಾರ್ಫಿನ್ ಪ್ರಮಾಣ ತಗ್ಗಿಸುವ ಬೇರೆ ದಾರಿಗಳನ್ನು ಮರೆಯುವುದೂ ದುರ್ಬಳಕೆಗೆ ದಾರಿಯೇ. ಮೂಳೆಗೆ ಹರಡಿದ ಕ್ಯಾನ್ಸರ್ ನೋವಿಗೆ 8 ಗ್ರೇ (ವಿಕಿರಣದ ಅಳತೆ) ಪ್ರಮಾಣದ ಒಂದೇ ಒಂದು ರೇಡಿಯೇಷನ್ ಸಾಕಾಗುವುದು ಸಾಮಾನ್ಯ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಹೊಟ್ಟೆಯ ಸೀಲಿಯಾಕ್ ನರಗಳ ಬ್ಲಾಕ್, ಅಂದರೆ ನೋವು ಒಯ್ಯುವ ನರಗಳನ್ನು ಇಂಜೆಕ್ಷನ್‌ನಿಂದ ತಡೆಯುವ ವಿಧಾನ ಇದೆ. ಉರಿ, ಚುಚ್ಚಿನಂಥ ನರದ ನೋವಿಗೆ ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸಬಹುದು.

ಇನ್ನು ಈಗಾಗಲೇ ಓಪಿಯಾಯ್ಡ್ ವ್ಯಸನ ಇರುವವರಿಗೇ ಕ್ಯಾನ್ಸರ್ ಬಂದರೆ? ಅವರ ದೇಹ ಔಷಧಕ್ಕೆ ಒಗ್ಗಿರುವುದರಿಂದ ನೋವಿಗೆ ಬೇಕಾಗುವ ಪ್ರಮಾಣ ಕಡಿಮೆಯಲ್ಲ, ಹೆಚ್ಚು. ವ್ಯಸನಕ್ಕೆಂದು ಕೊಡುವ ಬ್ಯುಪ್ರೆನಾರ್ಫಿನ್ ಬದಲಿ ಚಿಕಿತ್ಸೆಯಲ್ಲಿದ್ದವರಿಗೆ ಅದನ್ನು ನಿಲ್ಲಿಸದೆ, ದಿನದ ಪ್ರಮಾಣವನ್ನೇ ಮೂರು-ನಾಲ್ಕು ಸಲಕ್ಕೆ ಹಂಚಿದರೆ ನೋವಿಗೂ ಅನುಕೂಲ. ಇಂಥವರ ಚಿಕಿತ್ಸೆಯನ್ನು ಉಪಶಾಮಕ ತಂಡ ಮತ್ತು ವ್ಯಸನ ಚಿಕಿತ್ಸಾ ತಂಡ ಒಂದೇ ಕಡತದಲ್ಲಿ ನಡೆಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ದೂರದ ಜಿಲ್ಲೆಗಳ ಕುಟುಂಬಗಳು ಮೊದಲ ಸಲಹೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕೇಂದ್ರ ಸರ್ಕಾರದ ಮಾದಕ ವ್ಯಸನ ಸಹಾಯವಾಣಿ 14446.